ರೇಷ್ಮೆ ಊರಿನ ಮಕ್ಕಳಿಗೆ ರೆಂಡಿಟ್ಟಾ ಲೆಕ್ಕ ಯಾರು ಹೇಳಿಕೊಡಬೇಕು?

ನಮಸ್ಕಾರ. ಇವತ್ತು ರಾಮನಗರದ ಮಾತು. ಅಲ್ಲಿನ ಮಾರುಕಟ್ಟೆಗೆ ದಿನಾ ರೈತರು ರೇಷ್ಮೆಗೂಡು ತಂದು ಸುರಿಯುತ್ತಾರೆ. ಗೂಡು ಕೊಂಡು ನೂಲು ಬಿಚ್ಚಿಸುವ ರೀಲರ್‌ಗಳು ಮೊಬೈಲಿನಲ್ಲೇ ಹರಾಜು ಕೂಗುತ್ತಾರೆ. ಅದೇ ಊರಿನ ಶಾಲೆಯಲ್ಲಿ ಅನುಪಾತದ ಪಾಠ ಮಾತ್ರ ಪೆನ್ಸಿಲ್, ಮಾವಿನಹಣ್ಣಿನ ಲೆಕ್ಕದಲ್ಲೇ ನಡೆಯುತ್ತದೆ.

ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು? ರೀಲರ್‌ಗಳು ಇದನ್ನು ರೆಂಡಿಟ್ಟಾ ಅನ್ನುತ್ತಾರೆ. ಮಿಶ್ರತಳಿ ಗೂಡಾದರೆ ಸುಮಾರು ಏಳೆಂಟು ಕಿಲೋ. ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ಬೈವೋಲ್ಟೈನ್ ಹುಳುವಿನ ಗೂಡಾದರೆ ಇನ್ನೂ ಕಡಿಮೆ ಸಾಕು. ಅದಕ್ಕೇ ದ್ವಿತಳಿ ಗೂಡಿಗೆ ಬೆಲೆ ಜಾಸ್ತಿ. ಎಂಥಾ ಚೆಂದದ ಲೆಕ್ಕ, ಅಲ್ವಾ? ಗೂಡನ್ನು ಬಿಸಿನೀರಿಗೆ ಯಾಕೆ ಹಾಕುತ್ತಾರೆ? ಎಳೆಗೆ ಹಿಡಿದಿರುವ ಸೆರಿಸಿನ್ ಎಂಬ ಅಂಟು ಸಡಿಲವಾಗಲಿ ಅಂತ. ಇದು ವಿಜ್ಞಾನದ ಪಾಠ.

ಆದರೆ ಶಾಲೆಗೂ ನೂಲು ಬಿಚ್ಚುವ ಘಟಕಕ್ಕೂ ನಡುವೆ ಓಡಾಡುವವರು ಯಾರು? ಮೇಷ್ಟ್ರಿಗೆ ಬಿಸಿಯೂಟ, ಸಮೀಕ್ಷೆ, ಆನ್‌ಲೈನ್ ದಾಖಲೆಗಳಲ್ಲೇ ದಿನ ಕಳೆಯುತ್ತದೆ. ಬಿ.ಇಡಿ ಪ್ರಶಿಕ್ಷಣಾರ್ಥಿಗಳು ಇದ್ದಾರಲ್ಲ! ಎರಡು ವರ್ಷದ ಕೋರ್ಸಿನಲ್ಲಿ ಅವರಿಗೆ 20 ವಾರ ಇಂಟರ್ನ್‌ಶಿಪ್ ಇದೆ. ಅದರಲ್ಲಿ ಎಷ್ಟೋ ಹೊತ್ತು ಪಾಠಯೋಜನೆಯನ್ನು ಅಂದವಾಗಿ ಬರೆಯುವುದಕ್ಕೇ ಹೋಗುತ್ತದೆ. ಎರಡು ವಾರ ಈ ಓಡಾಟಕ್ಕೆ ಕೊಡಿ ಅನ್ನುವುದು ನನ್ನ ಒತ್ತಾಯ. ಮೊದಲು ಅವರೇ ಘಟಕಕ್ಕೆ ಹೋಗಿ ಕೆಲಸ ನೋಡಲಿ. ನೂಲು ಬಿಚ್ಚುವ ಅಕ್ಕಂದಿರನ್ನು ಮಾತಾಡಿಸಲಿ, ಒಪ್ಪಿದವರನ್ನು ತರಗತಿಗೆ ಕರೆಸಲಿ. ಇದಕ್ಕೆ ಅಂಕವೂ ಇರಲಿ. ಅಂಕವಿಲ್ಲದ ಕೆಲಸವನ್ನು ಕಾಲೇಜುಗಳು ಮುಟ್ಟುವುದಿಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಇಲ್ಲಿನ ಬಿಚ್ಚಾಣಿಕೆ ಘಟಕಗಳಲ್ಲಿ ಒಂದು ಕಾಲಕ್ಕೆ ಮಕ್ಕಳನ್ನು ದುಡಿಸಿದ್ದಾರೆ. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಆ ಮಕ್ಕಳ ಬೆರಳು ಸುಲಿದುಹೋಗಿತ್ತು. ಹಾಗಾಗಿ ಉದ್ಯಮದ ನಂಟು ಅಂದ ಕೂಡಲೇ ಅನುಮಾನ ಬರುವುದು ಸರಿಯೇ. ಮಗು ಅಲ್ಲಿಗೆ ಹೋಗಬೇಕಾದ್ದು ಕೆಲಸಕ್ಕಲ್ಲ, ಪ್ರಶ್ನೆ ಕೇಳಲಿಕ್ಕೆ. ದಿನಗೂಲಿ ಎಷ್ಟು? ಹೊಲಸು ನೀರು ಎಲ್ಲಿಗೆ ಹೋಗುತ್ತದೆ? ಇವನ್ನೂ ಕೇಳಲಿ. ಮಾಲೀಕರಿಗೆ ಇರಿಸುಮುರಿಸಾದರೂ ಆಗಲಿ. ಅದಕ್ಕೇ ಮಕ್ಕಳ ಜೊತೆ ಶಿಕ್ಷಕರಾಗುವವರು ಇರಬೇಕು, ಕಂಪನಿಯ ಪ್ರಚಾರ ವಿಭಾಗದವರಲ್ಲ.

ಇಂಟರ್ನ್‌ಶಿಪ್ ಮುಗಿದರೆ ಇವರೂ ಹೊರಡುತ್ತಾರೆ, ನಿಜ. ಹೋಗುವ ಮೊದಲು ಯಾವ ಘಟಕ, ಯಾರನ್ನು ಕೇಳಬೇಕು, ಯಾವ ಪಾಠಕ್ಕೆ ಹೊಂದುತ್ತದೆ ಅಂತ ಬರೆದು ಶಾಲೆಗೆ ಕೊಟ್ಟರೆ ಮುಂದಿನ ಬ್ಯಾಚ್ ಅಲ್ಲಿಂದಲೇ ಮುಂದುವರಿಸಬಹುದು. ಬಿ.ಇಡಿ ಕಾಲೇಜಿನ ಪ್ರಾಂಶುಪಾಲರು ಯಾರಾದರೂ ಕೇಳುತ್ತಿದ್ದರೆ, ದಯವಿಟ್ಟು ಈ ಸಲ ಇಂಟರ್ನ್‌ಶಿಪ್‌ಗೆ ಶಾಲೆಗಳ ಪಟ್ಟಿ ಮಾಡುವಾಗಲೇ ಪಕ್ಕದಲ್ಲಿ ಒಂದೊಂದು ಘಟಕದ ಹೆಸರನ್ನೂ ಬರೆಯಿರಿ.