ಹತ್ತೊಂಬತ್ತು ವರ್ಷ, ಒಂದೇ ಕಣಿವೆ

ನಮಸ್ಕಾರ. ಹೋದ ತಿಂಗಳು ನಮ್ಮ ಚಿತ್ರದುರ್ಗದ ಹುಡುಗನೊಬ್ಬ ಮನೆಗೆ ಬಂದಿದ್ದ. ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಾನೆ. ಕೈ ಬಹಳ ಚೆನ್ನಾಗಿದೆ. ಟೀ ಕುಡಿದು ಲೋಟ ಕೆಳಗಿಟ್ಟವನೇ ಹೇಳಿದ, "ಅಣ್ಣ, ಇದೆಲ್ಲ ಬಿಟ್ಟು ಹಿಮಾಲಯಕ್ಕೆ ಹೋಗ್ಬಿಡ್ತೀನಿ. ಇಲ್ಲಿ ಏನೂ ಹುಟ್ಟಲ್ಲ."

ನಾನು ಅವನನ್ನು ಬೈಯಲಿಲ್ಲ. ಎರಡು ಕೋಣೆಯ ಮನೆ, ಐದು ಜನ, ಮೂರು ಮೊಬೈಲು, ಒಂದು ಟೀವಿ. ಬಣ್ಣ ಒಣಗೋಕೆ ಬಿಡೋಕೂ ಜಾಗ ಇಲ್ಲ. ಅಂಥವನಿಗೆ ಬೆಟ್ಟದ ಆಸೆ ಹುಟ್ಟಿದರೆ ತಪ್ಪೇನಿದೆ? ಆದರೆ ಬೆಟ್ಟಕ್ಕೆ ಹೋಗಿ ನಿಜವಾಗಿಯೂ ಬದುಕಿದ ಒಬ್ಬ ಚಿತ್ರಕಾರರ ಕತೆ ಅವನಿಗೆ ಹೇಳಿದೆ. ಅದನ್ನೇ ಇವತ್ತು ನಿಮಗೂ ಹೇಳುತ್ತೇನೆ.

ನಿಕೊಲಾಯ್ ರೋರಿಕ್. 1874ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಅಲ್ಲಿ ಅವರಿಗೆ ದೊಡ್ಡ ಹೆಸರಿತ್ತು. 1913ರಲ್ಲಿ ಪ್ಯಾರಿಸ್‌ನಲ್ಲಿ ಸ್ಟ್ರಾವಿನ್‌ಸ್ಕಿ ಅನ್ನೋ ಸಂಗೀತಗಾರರ ಹೊಸ ಬ್ಯಾಲೆ, ಅಂದರೆ ನೃತ್ಯನಾಟಕ, ರಂಗಕ್ಕೆ ಬಂದಾಗ ಅದರ ರಂಗಸಜ್ಜಿಕೆ, ಉಡುಪು ಎಲ್ಲ ಇವರದೇ. ಹಾಗಿದ್ದವರು ಐವತ್ತರ ಹೊತ್ತಿಗೆ ಹೆಂಡತಿ ಎಲೆನಾ, ಹಿರಿಯ ಮಗ ಯೂರಿ ಜೊತೆ ಮಧ್ಯ ಏಷ್ಯಾದ ಕಡೆ ಹೊರಟರು. 1925ರಿಂದ 1928ರವರೆಗೆ ಲಡಾಖ್, ಆಲ್ಟಾಯ್, ಮಂಗೋಲಿಯಾ, ಟಿಬೆಟ್ ಸುತ್ತಿದರು. ಟಿಬೆಟ್‌ನಲ್ಲಿ ಒಂದು ಇಡೀ ಚಳಿಗಾಲ ಅಧಿಕಾರಿಗಳು ಅವರನ್ನು ಮುಂದಕ್ಕೆ ಬಿಡದೆ ತಡೆದರು. ಗುಡಾರದಲ್ಲೇ ಕಾಲ ಕಳೆದರು. ಜೊತೆಗಿದ್ದವರಲ್ಲಿ ಕೆಲವರು ಸತ್ತರು, ಪ್ರಾಣಿಗಳೂ ಸತ್ತವು. ಬೆಟ್ಟ ಅಂದ್ರೆ ಬರೀ ನೆಮ್ಮದಿ ಅಂದುಕೊಂಡವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಆಮೇಲೆ ಈಗಿನ ಹಿಮಾಚಲ ಪ್ರದೇಶದ ಕುಲು ಕಣಿವೆಯ ನಗ್ಗರ್ ಅನ್ನೋ ಊರಿನಲ್ಲಿ ಮನೆ ಮಾಡಿದರು. ನಡುವೆ ಅಮೆರಿಕಕ್ಕೆ, ಮಂಚೂರಿಯಾಕ್ಕೆ ಹೋಗಿ ಬಂದದ್ದು ಉಂಟು. ಆದರೆ ಪ್ರತಿ ಸಲ ವಾಪಸ್ ಬಂದದ್ದು ಅಲ್ಲಿಗೇ. 1947ರ ಡಿಸೆಂಬರ್ 13ರಂದು ತೀರಿಕೊಂಡದ್ದೂ ಅಲ್ಲೇ. ಹತ್ತೊಂಬತ್ತು ವರ್ಷ, ಒಂದೇ ಕಣಿವೆ.

ನಾನು ಆ ಮನೆ ನೋಡಿದ್ದೇನೆ. ನಗ್ಗರ್ ಕೋಟೆಯಿಂದ ಮೇಲಕ್ಕೆ ಹತ್ತಬೇಕು. ಸುತ್ತ ದೇವದಾರು ಮರಗಳು. ಕೆಳಗೆ ಬಿಯಾಸ್ ನದಿ ಬಿಳಿ ದಾರದ ಹಾಗೆ ಕಾಣುತ್ತದೆ. ಮನೆಯ ಹತ್ತಿರ ಕುದುರೆ ಮೇಲೆ ಕೂತ ವೀರನ ಕಲ್ಲಿನ ಮೂರ್ತಿ ಇದೆ. ಅವನ ಹೆಸರು ಗೂಗಾ ಚೌಹಾಣ್, ಆ ಕಡೆಯ ಜನರ ದೇವರು. ನೋಡಿದ ತಕ್ಷಣ ನನಗೆ ನಮ್ಮ ಊರುಗಳ ವೀರಗಲ್ಲು ನೆನಪಾಯಿತು. ರೋರಿಕ್ ಈ ಮೂರ್ತಿಯನ್ನು ಮನೆಯಂಗಳದಲ್ಲಿ ಇಟ್ಟುಕೊಂಡರು, ತಮ್ಮ ಚಿತ್ರಕ್ಕೂ ತಂದರು. ದೂರದ ದೇಶದಿಂದ ಬಂದವರು ಊರ ದೇವರ ಪಕ್ಕದಲ್ಲಿ ಮನೆ ಮಾಡಿಕೊಂಡು ಕೂತರು. ನನಗೆ ಬಹಳ ಹಿಡಿಸಿದ್ದು ಇದು. ಇಳಿಜಾರಿನಲ್ಲಿ ಇನ್ನೂ ಸ್ವಲ್ಪ ಕೆಳಗೆ ಇಳಿದರೆ ಒಂದು ದೊಡ್ಡ ಬಂಡೆ ಸಿಗುತ್ತದೆ. ಅವರನ್ನು ದಹಿಸಿದ ಜಾಗ. ಭಾರತದ ದೊಡ್ಡ ಗೆಳೆಯ ಅಂತ ಕಲ್ಲಿನ ಮೇಲೆ ಬರೆದಿದೆ. ಗೋರಿ ಇಲ್ಲ, ಗೋಪುರ ಇಲ್ಲ. ಒಂದು ಬಂಡೆ ಅಷ್ಟೇ. ದುರ್ಗದವನಾದ ನಾನು ಅದರ ಮೇಲೆ ಕೈ ಇಟ್ಟು ತುಂಬಾ ಹೊತ್ತು ನಿಂತಿದ್ದೆ.

ಈಗ ನನ್ನ ಮಾತಿಗೆ ಬರುತ್ತೇನೆ. ರೋರಿಕ್ ಬಗ್ಗೆ ಬರೆಯುವವರೆಲ್ಲ ಅವರನ್ನು ಋಷಿ ಅನ್ನುತ್ತಾರೆ. ಹಿಮಾಲಯ ಅವರಿಗೆ ಸ್ಫೂರ್ತಿ ಕೊಟ್ಟಿತು ಅನ್ನುತ್ತಾರೆ. ಬೆಟ್ಟದಲ್ಲಿ ಸ್ಫೂರ್ತಿ ಹಣ್ಣಿನ ಹಾಗೆ ನೇತಾಡುತ್ತಿತ್ತು, ಇವರು ಹೋಗಿ ಕಿತ್ತುಕೊಂಡರು ಅನ್ನೋ ಹಾಗೆ. ನನಗೆ ಹಾಗೆ ಅನಿಸುವುದಿಲ್ಲ. ಅವರು ಜೀವನದಲ್ಲಿ ಬರೆದ ಚಿತ್ರಗಳು ಸುಮಾರು 7000 ಅಂತ ಲೆಕ್ಕ ಹೇಳುತ್ತಾರೆ. ಒಂದೇ ಶಿಖರ ಬೆಳಗ್ಗೆ ಒಂದು ನೀಲಿ, ಮಧ್ಯಾಹ್ನ ಇನ್ನೊಂದು ನೀಲಿ, ಸಂಜೆ ನೇರಳೆ. ಹೆಚ್ಚಾಗಿ ಟೆಂಪೆರಾ, ಅಂದರೆ ನೀರಲ್ಲಿ ಕಲಸುವ ಬಣ್ಣ. ಎಣ್ಣೆ ಬಣ್ಣದ ಹಾಗೆ ಹೊಳೆಯುವುದಿಲ್ಲ. ಬೇಗ ಒಣಗುತ್ತದೆ, ಹಾಗಾಗಿ ಕೈ ಹಿಂಜರಿಯುವಂತಿಲ್ಲ. ಹಿಮಾಲಯವನ್ನು ಒಂದು ಸಲ ನೋಡಿ ಬೆರಗಾದವರು ಬಿಡಿಸುವ ಚಿತ್ರ ಅಲ್ಲ ಅದು. ಬೆರಗು ಕಳೆದ ಮೇಲೂ ಬಿಡದೆ ನೋಡಿದವರು ಬರೆದ ಚಿತ್ರ.

ಅವರ ಶಂಬಾಲದ ನಂಬಿಕೆ ನನಗೆ ಪೂರ್ತಿ ಒಗ್ಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೆಟ್ಟಗಳ ಹಿಂದೆ ಗುಟ್ಟಾಗಿ ಒಂದು ಪುಣ್ಯಭೂಮಿ ಇದೆ ಅನ್ನೋ ಮಾತು ಅದು. ಆದರೆ ಆ ನಂಬಿಕೆ ಅವರನ್ನು ದಿನಾ ಬೆಟ್ಟದ ಮುಂದೆ ಕೂರಿಸಿತು. ನನಗೆ ಅಷ್ಟು ಸಾಕು.

ಇನ್ನೊಂದು ವಿಷಯ. ಅವರು ಜಗತ್ತಿಗೆ ಬೆನ್ನು ಹಾಕಿ ಕೂರಲಿಲ್ಲ. ನಗ್ಗರ್‌ನಲ್ಲಿ ಉರುಸ್ವತಿ ಅನ್ನೋ ಸಂಶೋಧನಾ ಸಂಸ್ಥೆ ಕಟ್ಟಿದರು. ಗಿಡಮೂಲಿಕೆ ಕೂಡಿಸಿದರು, ಟಿಬೆಟ್‌ನ ವೈದ್ಯದ ಬಗ್ಗೆ ಕೆಲಸ ಮಾಡಿಸಿದರು. ಯುದ್ಧ ಬಂದರೂ ಗುಡಿ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳನ್ನು ಯಾರೂ ಮುಟ್ಟಬಾರದು ಅನ್ನೋ ಒಪ್ಪಂದಕ್ಕಾಗಿ ವರ್ಷಗಟ್ಟಲೆ ಓಡಾಡಿದರು. 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಅದಕ್ಕೆ ಸಹಿ ಬಿತ್ತು. ಇವತ್ತಿಗೂ ಅದನ್ನು ರೋರಿಕ್ ಒಪ್ಪಂದ ಅಂತಲೇ ಕರೆಯುತ್ತಾರೆ. 1942ರಲ್ಲಿ ನೆಹರೂ ಮತ್ತು ಇಂದಿರಾ ಆ ಮನೆಗೆ ಹೋಗಿ ಉಳಿದಿದ್ದರು. ಒಂಟಿ ಬೆಟ್ಟದ ಮನೆ ಹೌದು. ಬಾಗಿಲು ಮಾತ್ರ ಹಾಕಿರಲಿಲ್ಲ.

ಅವರ ಕಿರಿಯ ಮಗ ಸ್ವೆತೊಸ್ಲಾವ್ ನಮ್ಮ ಕನ್ನಡನಾಡಿಗೇ ಬಂದರು ಅಲ್ವಾ. 1945ರಲ್ಲಿ ನಟಿ ದೇವಿಕಾ ರಾಣಿ ಅವರನ್ನು ಮದುವೆಯಾದರು. ಆಮೇಲೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರು. 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ತಂದೆ ಮಗ ಇಬ್ಬರ ಚಿತ್ರಗಳೂ ಚಿತ್ರಕಲಾ ಪರಿಷತ್ತಿನಲ್ಲಿ ಇವೆ. ಹಿಮಾಲಯಕ್ಕೆ ಹೊರಟಿದ್ದ ಹುಡುಗನನ್ನು ಕೇಳಿದೆ, ನೋಡಿದ್ದೀಯಾ ಅಂತ. ನೋಡಿರಲಿಲ್ಲ.

ಇನ್ನು ನಮ್ಮ ದುರ್ಗ. ಇಲ್ಲಿ ಬೆಟ್ಟಕ್ಕೆ ಬರವಿಲ್ಲ. ಊರ ಪಕ್ಕದ ಚಂದ್ರವಳ್ಳಿಯಲ್ಲಿರುವ ಅಂಕಲಿ ಮಠದ ಗುಹೆಗಳಿಗೆ ಹೋಗಿ. ಬಂಡೆಗಳ ಅಡಿಯಲ್ಲಿ ಕೋಣೆಯೊಳಗೆ ಕೋಣೆ, ಟಾರ್ಚ್ ಇಲ್ಲದೆ ಹೆಜ್ಜೆ ಇಡೋಕಾಗಲ್ಲ. ಅಂಕಲಿಯಿಂದ ಬಂದ ಗುರುಗಳು ಅಲ್ಲಿ ಧ್ಯಾನಕ್ಕೆ ಕೂರುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಒಳಗೆ ಹಳೆಯ ಬಣ್ಣದ ಗುರುತು ಇನ್ನೂ ಉಳಿದಿದೆ. ಕತ್ತಲಲ್ಲಿ ಕೂತವರಿಗೂ ಬಣ್ಣ ಬೇಕಿತ್ತು ನೋಡಿ. ನಾನು ಚಿಕ್ಕವನಿದ್ದಾಗ ಇದನ್ನು ಯಾರೂ ತೋರಿಸಲಿಲ್ಲ. ನಾನು ಓದಿದ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಅಂದ್ರೆ ಗಣಿತದ ಮೇಷ್ಟ್ರು ಬಂದು ಪಾಠ ಮುಗಿಸಿಕೊಳ್ಳುವ ಹೊತ್ತು. ಆ ನೋವು ನನಗೆ ಇನ್ನೂ ಹೋಗಿಲ್ಲ.

ಊರ ಹತ್ತಿರದ ಜೋಗಿಮಟ್ಟಿ ಬೆಟ್ಟದ ಕತೆಯೂ ಅಷ್ಟೇ. ಹೆಸರಲ್ಲೇ ಜೋಗಿ ಇದ್ದಾನೆ. ಭಾನುವಾರ ಆಡುಮಲ್ಲೇಶ್ವರದ ದಾರಿ ಹಿಡಿದು ಜನ ಬರುತ್ತಾರೆ, ಗಾಳಿಯಂತ್ರಗಳನ್ನು ಹಿಂದೆ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಇಳಿಯುತ್ತಾರೆ. ಬರಲಿ, ಬೇಡ ಅನ್ನಲ್ಲ. ಆದರೆ ಈ ಬಂಡೆ ದಿನಕ್ಕೆ ಎಷ್ಟು ಬಣ್ಣ ಬದಲಿಸುತ್ತದೆ ಅಂತ ಯಾರು ನೋಡಿದ್ದಾರೆ? ಬೆಳಗಿನ ಜಾವ ಬೂದಿ. ಸೂರ್ಯ ಬಂದ ಸ್ವಲ್ಪ ಹೊತ್ತು ತಿಳಿ ಗುಲಾಬಿ. ಮಧ್ಯಾಹ್ನ ಕಣ್ಣು ಕುಕ್ಕುವ ಬಿಳುಪು. ಸಂಜೆ ಕಂದು, ಅಂಗೈ ಇಟ್ಟರೆ ಇನ್ನೂ ಬಿಸಿ. ಮಳೆ ಬಂದ ಮಾರನೇ ದಿನ ಕಪ್ಪು ಗೆರೆಗಳು, ಸಂದಿಯಲ್ಲಿ ಸೀತಾಫಲದ ಗಿಡ ಹಸಿರಾಗಿರುತ್ತದೆ. ರೋರಿಕ್‌ಗೆ ಹಿಮ ಸಿಕ್ಕಿತು, ನಮಗೆ ಬಂಡೆ ಸಿಕ್ಕಿದೆ. ನಮ್ಮ ಬಂಡೆಯ ಬಣ್ಣವನ್ನು ಪೂರ್ತಿ ಹಿಡಿದ ಚಿತ್ರ ನಾನಂತೂ ಇನ್ನೂ ನೋಡಿಲ್ಲ. ನೋಡಬೇಕು ಅಂತ ಬಹಳ ಆಸೆ ಇದೆ.

ಆ ಹುಡುಗನಿಗೆ ಹೇಳಿದೆ, ಒಂದೇ ಬಂಡೆ ಆರಿಸಿಕೋ, ನಲವತ್ತು ದಿನ ಅದನ್ನೇ ಬರಿ, ಆಮೇಲೂ ಹಿಮಾಲಯ ಬೇಕು ಅನಿಸಿದರೆ ಟಿಕೆಟ್ ದುಡ್ಡು ನಾನು ಕೊಡುತ್ತೇನೆ. ಅವನು ನಮ್ಮ ಕೋಟೆಯ ತುಪ್ಪದ ಕೊಳದ ಕಡೆಯ ಒಂದು ಬಂಡೆ ಹಿಡಿದಿದ್ದಾನೆ. ಹನ್ನೊಂದು ಚಿತ್ರ ಆಗಿದೆ. ಮೊದಲ ಐದರಲ್ಲಿ ಬಂಡೆ ಎಲ್ಲರಿಗೂ ಕಾಣುವ ಹಾಗೇ ಇತ್ತು. ಒಂಬತ್ತನೆಯದರಲ್ಲಿ ನೆರಳಿನೊಳಗೆ ಒಂದು ನೀಲಿ ಬಂದಿದೆ. ಎಲ್ಲಿಂದ ಬಂತೋ ಅಂದೆ. "ಅದು ಅಲ್ಲೇ ಇತ್ತಣ್ಣ, ನನಗೇ ಕಂಡಿರಲಿಲ್ಲ" ಅಂದ.

ಈಗ ನಿಮ್ಮಲ್ಲಿ ಒಂದು ಕೇಳಿಕೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಕಡೆ ಗುಡ್ಡದ ಬುಡದಲ್ಲಿ ತೋಟದ ಮನೆ ಇರುವವರು ಇದನ್ನು ಕೇಳುತ್ತಿರಬಹುದು. ಎಷ್ಟೋ ಮನೆಗಳಿಗೆ ವರ್ಷಪೂರ್ತಿ ಬೀಗ. ಒಂದು ಕೋಣೆ, ಒಂದು ತಿಂಗಳು, ಒಬ್ಬ ವಿದ್ಯಾರ್ಥಿಗೆ ಕೊಡಿ. ಕರೆಂಟ್ ಇಲ್ಲದಿದ್ದರೂ ಪರವಾಗಿಲ್ಲ, ಕುಡಿಯುವ ನೀರು ಇರಲಿ, ಬೆಟ್ಟದ ಕಡೆಗೆ ಒಂದು ಕಿಟಕಿ ಇರಲಿ. ಅಕ್ಕಿ ಬೇಳೆ ನಾನು ನೋಡಿಕೊಳ್ಳುತ್ತೇನೆ. ಇಬ್ಬರು ಹೆಣ್ಣುಮಕ್ಕಳೂ ಕೇಳಿದ್ದಾರೆ. ಅವರಿಗೆ ಮನೆಯವರು ಜೊತೆಗಿರುವ ತೋಟ ಸಿಕ್ಕರೆ ಒಳ್ಳೆಯದು. ಮಳೆಗಾಲ ಶುರುವಾಗುವ ಮೊದಲು ತಿಳಿಸಿ. ಮೊದಲ ಮಳೆ ಬಿದ್ದಾಗ ಬಂಡೆ ಹೇಗಿರುತ್ತದೆ ಅಂತ ಅವರು ಅಲ್ಲೇ ಇದ್ದು ನೋಡಬೇಕು.