ರೂಪಾಯಿಗೆ ಎಷ್ಟು ಪೈಸೆ?

ಕೇಳುಗರಿಗೆ ನಮಸ್ಕಾರ.

ಆಷಾಢ ಬಂತೆಂದರೆ ಓಲಗದ ಸದ್ದು ಅಡಗುತ್ತದೆ, ಹೊಸ ಸೊಸೆ ತವರಿಗೆ ಹೋಗುತ್ತಾಳೆ, ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆ ಸಪ್ಪಗಾಗುತ್ತದೆ. ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಮಾಲು ಬರಬೇಕು, ಅಷ್ಟರೊಳಗೆ ಹಳೆಯ ಮಾಲು ಕಪಾಟು ಬಿಡಬೇಕು. ಇಷ್ಟು ಗಟ್ಟಿ ಕಾರಣವಿರುವುದರಿಂದ, ಆಷಾಢದ ರಿಯಾಯಿತಿ ಎಲ್ಲವೂ ಕಣ್ಣುಕಟ್ಟು ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಸೋಡಿ ಬಿಡುವುದು ನಿಜ. ಎಷ್ಟು ಬಿಟ್ಟರು ಎನ್ನುವಲ್ಲಿ ನಾವು ಎಡವುತ್ತೇವೆ.

ಕಳೆದ ಆಷಾಢದಲ್ಲಿ ಅತ್ತಿಗೆಯ ಜೊತೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿದ್ದೆ. ಅಂಗಡಿಯೊಂದರ ಬಾಗಿಲಲ್ಲಿ ಕುಂಬಳಕಾಯಿ ಗಾತ್ರದ 50, ಪಕ್ಕದಲ್ಲಿ ಕೂಡುವ ಚಿಹ್ನೆ, ಆಮೇಲೆ 20. ಅತ್ತಿಗೆ 6,000 ರೂಪಾಯಿಯ ಒಂದು ಸೀರೆ ಮೆಚ್ಚಿದರು. ಐವತ್ತೂ ಇಪ್ಪತ್ತೂ ಎಪ್ಪತ್ತು, ಹಾಗಾದರೆ 1,800 ಎಂದು ಬೆರಳು ಮಡಚಿ ಲೆಕ್ಕ ಹಾಕಿ ಸೀರೆಯನ್ನೂ ಮಡಚಿಸಿದರು. ಬಿಲ್ಲಿನಲ್ಲಿ ಸೀರೆಯ ಬೆಲೆ ಬಂದದ್ದು 2,400.

ರಿಯಾಯಿತಿಯ ಲೆಕ್ಕ ಸರಿಯಾಗಿಯೇ ಇತ್ತು. ಮೊದಲು ಅರ್ಧ ಕಳೆದು 3,000 ಆಗುತ್ತದೆ. ಇಪ್ಪತ್ತು ಪರ್ಸೆಂಟ್ ಕಳೆಯುವುದು ಆ ಮೂರು ಸಾವಿರದಲ್ಲಿ, ಮೊದಲಿನ ಆರು ಸಾವಿರದಲ್ಲಲ್ಲ. ಒಟ್ಟು ರಿಯಾಯಿತಿ ಶೇಕಡಾ 60. ಬಾಗಿಲಲ್ಲಿದ್ದ ಆ ಕೂಡುವ ಚಿಹ್ನೆಯನ್ನು ನಂಬಿ ಅತ್ತಿಗೆ ಕೂಡಿದ್ದರು. ಶಾಲೆಯಲ್ಲಿ ಕಲಿಸಿದ್ದೂ ಅದನ್ನೇ ಅಲ್ಲವೇ, ಪಾಪ!

ಅಂದಿನಿಂದ ನಾನು ಒಂದು ಅಳತೆಗೋಲು ಇಟ್ಟುಕೊಂಡಿದ್ದೇನೆ. ಎಷ್ಟು ಕಡಿದರು ಎಂದು ನೋಡುವುದಿಲ್ಲ. ನಮೂದಾದ ಬೆಲೆಯ ಪ್ರತಿ ರೂಪಾಯಿಗೆ ನನ್ನ ಕೈಯಿಂದ ಹೋಗುವುದು ಎಷ್ಟು ಪೈಸೆ ಎಂದು ನೋಡುತ್ತೇನೆ. ಐವತ್ತರ ಮೇಲೆ ಇಪ್ಪತ್ತು ಎಂದರೆ ಎಂಟಾಣೆಯಲ್ಲಿ ಐದರ ನಾಲ್ಕು ಪಾಲು, ನಲವತ್ತು ಪೈಸೆ. ಒಂದು ಕೊಂಡರೆ ಒಂದು ಉಚಿತ ಎಂದರೆ ಐವತ್ತು ಪೈಸೆ. ಎರಡು ಕೊಂಡರೆ ಒಂದು ಉಚಿತ ಎಂಬುದು ಕೇಳಲು ಅದರ ತಂಗಿಯಂತಿದ್ದರೂ ಅಲ್ಲಿ ಹೋಗುವುದು ಅರವತ್ತೇಳು ಪೈಸೆ, ಅದೂ ಮೂರು ಬೇಕಿದ್ದವರಿಗೆ ಮಾತ್ರ. ಇನ್ನು ಸೋಪಿನ ಪುಡಿಯ ಪೊಟ್ಟಣದ ಮೇಲೆ ಶೇಕಡಾ 25 ಹೆಚ್ಚು ಎಂದಿರುತ್ತದೆ. ಸೊಪ್ಪಿನವಳು ಕೊಸರು ಹಾಕುವ ಹಾಗೆ. ನೂರು ಗ್ರಾಮಿನ ದುಡ್ಡಿಗೆ ನೂರ ಇಪ್ಪತ್ತೈದು ಗ್ರಾಂ, ಅಂದರೆ ರೂಪಾಯಿಗೆ ಎಂಬತ್ತು ಪೈಸೆ. ಇಪ್ಪತ್ತೈದರ ಕೊಸರು ಇಪ್ಪತ್ತರ ಸೋಡಿಗೆ ಸಮ.

ಕೂಪನ್ನಿನ ವಿಷಯದಲ್ಲಿ ಒಂದು ಸಣ್ಣ ಸೂಕ್ಷ್ಮವಿದೆ. ಎರಡೂ ರಿಯಾಯಿತಿ ಶೇಕಡಾ ಲೆಕ್ಕದಲ್ಲಿದ್ದರೆ ಯಾವುದು ಮೊದಲಾದರೂ ಒಂದೇ. ಒಂದು ಶೇಕಡಾ ಲೆಕ್ಕದ್ದು, ಇನ್ನೊಂದು ನಿಗದಿತ ಮೊತ್ತವಾದರೆ ಹಾಗಲ್ಲ. 2,000 ರೂಪಾಯಿಯ ಬಟ್ಟೆಗೆ ಮೊದಲು ಇಪ್ಪತ್ತು ಪರ್ಸೆಂಟ್ ಕಳೆದು, ಆಮೇಲೆ 200ರ ಕೂಪನ್ ಕೊಟ್ಟರೆ 1,400. ಮೊದಲೇ ಕೂಪನ್ ಕಳೆದರೆ 1,440. ಮೊಬೈಲಿನಲ್ಲಿ ಕೊಳ್ಳುವಾಗ ಈ ಸರದಿಯನ್ನು ಅವರೇ ತೀರ್ಮಾನಿಸಿರುತ್ತಾರೆ. ಕೊನೆಯ ಮೊತ್ತ ನೋಡಿದರೆ ಸಾಕು.

ನನಗೆ ಹೆಚ್ಚು ಸಿಟ್ಟು ಬರುವುದು ಚಿನ್ನದ ಅಂಗಡಿಯ ಜಾಹೀರಾತು ಕಂಡಾಗ. ಶೇಕಡಾ 25 ರಿಯಾಯಿತಿ ಎಂದು ದೊಡ್ಡದಾಗಿ, ಮಜೂರಿಯ ಮೇಲೆ ಎಂದು ಸಾಸಿವೆಕಾಳಿನಷ್ಟು ಸಣ್ಣದಾಗಿ. ಚಿನ್ನದ ದರ ದಿನಕ್ಕೊಂದು, ಆದ್ದರಿಂದ ಲೆಕ್ಕದ ಅನುಕೂಲಕ್ಕೆ ಒಂದು ಸರದ ಚಿನ್ನಕ್ಕೆ ಒಂದು ಲಕ್ಷ, ಮಜೂರಿ ಶೇಕಡಾ 12 ಎಂದಿಟ್ಟುಕೊಳ್ಳಿ. ಮಜೂರಿ 12,000, ಅದರಲ್ಲಿ ಕಾಲು ಭಾಗ ಬಿಟ್ಟರೆ 3,000. ತೆರಿಗೆ ಬಿಟ್ಟು ಒಟ್ಟು 1,12,000ದ ಮುಂದೆ ಇದು ರೂಪಾಯಿಗೆ ಮೂರು ಪೈಸೆಯ ಸೋಡಿಯೂ ಆಗಲಿಲ್ಲ. ಎದುರಿನ ಅಂಗಡಿಯವರು ಏನೂ ರಿಯಾಯಿತಿ ಹೇಳದೆ ಅಷ್ಟೇ ಚಿನ್ನಕ್ಕೆ ಶೇಕಡಾ 8 ಮಜೂರಿ ಹಾಕಿದರೆ ಅವರದೇ ಒಂದು ಸಾವಿರ ಅಗ್ಗ. ಆದರೆ ಅವರ ಬಾಗಿಲಲ್ಲಿ ಕುಂಬಳಕಾಯಿ ಗಾತ್ರದ ಅಂಕಿ ಇರುವುದಿಲ್ಲವಲ್ಲ!

ಕಾನೂನೂ ಸ್ವಲ್ಪ ನೆರವಾಗುತ್ತದೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ದಿನಸಿ ಪೊಟ್ಟಣಗಳ ಮೇಲೆ ಅದರ ಜೊತೆಗೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆ ಎಂಬುದೂ ಈಗ ಅಚ್ಚಾಗಿರುತ್ತದೆ. ದೊಡ್ಡ ಪೊಟ್ಟಣವೇ ಅಗ್ಗ ಎಂದು ನಂಬಿದವರು ಒಮ್ಮೆ ಅದನ್ನು ಓದಬೇಕು. ನಾನು ಕನ್ನಡಕ ಮರೆತು ಹೋದ ದಿನ ಅಂಗಡಿಯ ಹುಡುಗನ ಕೈಯಲ್ಲಿ ಓದಿಸಿದ್ದೇನೆ.

ಅತ್ತಿಗೆಯ ಬಿಲ್ಲಿನ ಕಥೆ ಮುಗಿದಿರಲಿಲ್ಲ. 2,400ರ ಕೆಳಗೆ ತೆರಿಗೆ ಶೇಕಡಾ 5ರಂತೆ 120 ರೂಪಾಯಿ ಸೇರಿಸಿದ್ದರು. ಸೀರೆಯ ಚೀಟಿಯಲ್ಲಿ ಎಲ್ಲ ತೆರಿಗೆ ಸೇರಿ 6,000 ಎಂದೇ ಇತ್ತು. ಹೀಗೆ ರಿಯಾಯಿತಿ ಕೊಟ್ಟ ಎಂಆರ್‌ಪಿಯ ಮೇಲೆ ಮತ್ತೆ ತೆರಿಗೆ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಅತ್ತಿಗೆ ಚೀಟಿ ತೋರಿಸಿದರು. ಮಾಲೀಕರು ಕಂಪ್ಯೂಟರಿನ ತಪ್ಪು ಎಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕಂಪ್ಯೂಟರನ್ನೇ ವಿಚಾರಿಸಲೇ ಎಂದು ಅತ್ತಿಗೆ ಕೇಳಿದ ಮೇಲೆ 120 ರೂಪಾಯಿ ಬಿಲ್ಲಿನಿಂದ ಮಾಯವಾಯಿತು.

ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದೆವು. ಮರುದಿನ ಸೀರೆಗೆ ಫಾಲ್, ಕುಚ್ಚು, ರವಿಕೆಯ ಹೊಲಿಗೆ ಎಂದು ದರ್ಜಿಯ ಹತ್ತಿರ ಹೋದಾಗ ಅವನು 1,300 ಎಂದ. ಆಷಾಢ ಅಲ್ಲವೇನಪ್ಪಾ, ಏನಾದರೂ ಬಿಡು ಎಂದು ಅತ್ತಿಗೆ ಕೇಳಿದರು. ಅವನು ಟೇಪನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಾ, "ಆಷಾಢ ಅಂಗಡಿಯವರಿಗೆ ಅಮ್ಮಾ, ನನಗೆ ಹಬ್ಬದ ಹೊಲಿಗೆ ಈಗಲೇ ಶುರು" ಎಂದ.

ನಮಸ್ಕಾರ.