ಬಾಣಂತಿಯ ಅತಿ ರಕ್ತಸ್ರಾವ: ಕಣ್ಣಳತೆ ಸಾಲದು

ಕೇಳುಗರೆಲ್ಲರಿಗೂ ನಮಸ್ಕಾರ. ಹೆರಿಗೆಯಾದ ಮೇಲೆ ಒಂದಷ್ಟು ರಕ್ತ ಹೋಗುವುದು ಸಹಜ. ಆದರೆ ಎಷ್ಟು ಹೋಗಿದೆ ಎಂಬುದನ್ನು ಕಣ್ಣಳತೆಯಿಂದಲೇ ತೀರ್ಮಾನಿಸುವ ಅಭ್ಯಾಸವು ಅಪಾಯಕಾರಿ. ಬಟ್ಟೆ ಮತ್ತು ಹಾಸಿಗೆಯಲ್ಲಿ ಇಂಗಿದ ರಕ್ತವು ಲೆಕ್ಕಕ್ಕೆ ಸಿಗದ ಕಾರಣ, ನುರಿತವರ ಅಂದಾಜೂ ಬಹುಪಾಲು ನಿಜಕ್ಕಿಂತ ಕಡಿಮೆಯೇ ಇರುತ್ತದೆ. 24 ಗಂಟೆಗಳೊಳಗೆ 500 ಮಿಲಿಲೀಟರಿನಷ್ಟು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವವೆಂದೂ, 1000 ಮಿಲಿಲೀಟರ್ ಮುಟ್ಟಿದರೆ ತೀವ್ರ ಸ್ಥಿತಿಯೆಂದೂ ಪರಿಗಣಿಸುವುದು ರೂಢಿ.

ತುಂಬುಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದಲ್ಲಿ ತೆರೆದುಕೊಂಡ ರಕ್ತನಾಳಗಳನ್ನು ಗರ್ಭಕೋಶದ ಸ್ನಾಯುಗಳೇ ಬಿಗಿಯಾಗಿ ಹಿಂಡಿ ಮುಚ್ಚಬೇಕು. ಹೀಗೆ ಬಿಗಿಯದೆ ಗರ್ಭಕೋಶ ಸಡಿಲವಾಗಿಯೇ ಉಳಿಯುವುದು ಅತಿ ರಕ್ತಸ್ರಾವಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ. ಮಾಸಿನ ಚೂರು ಒಳಗೇ ಉಳಿಯುವುದು, ಹೆರಿಗೆದಾರಿ ಹರಿದು ಗಾಯವಾಗುವುದು, ರಕ್ತ ಹೆಪ್ಪುಗಟ್ಟದಿರುವುದು ಉಳಿದ ಕಾರಣಗಳು.

ಆರೋಗ್ಯವಂತ ತಾಯಿಯ ದೇಹವು ನಷ್ಟವನ್ನು ಕೆಲಹೊತ್ತು ಮರೆಮಾಚಬಲ್ಲದು: ರಕ್ತದೊತ್ತಡ ಸರಿಯಾಗಿರುವಂತೆ ಕಾಣುತ್ತಿರುವಾಗಲೇ ನಾಡಿಬಡಿತ ಏರತೊಡಗಿರುತ್ತದೆ. ಒತ್ತಡ ಕುಸಿಯುವವರೆಗೆ ಕಾಯುವುದೆಂದರೆ ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡಂತೆ. ಆದ್ದರಿಂದಲೇ ತಾಯಿಯ ಕೆಳಗೆ ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಸನ್ನು ಇರಿಸಿ ರಕ್ತವನ್ನು ಅಳೆಯುವ, ಮಿತಿ ಮೀರಿದೊಡನೆ ಗರ್ಭಕೋಶ ನೀವುವುದು, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ರಕ್ತನಾಳದ ಮೂಲಕ ದ್ರವ ಮತ್ತು ಕಾರಣದ ತಪಾಸಣೆ, ಇವೆಲ್ಲವನ್ನೂ ಒಂದರ ಫಲಕ್ಕಾಗಿ ಇನ್ನೊಂದನ್ನು ತಡೆಯದೆ ಒಟ್ಟಿಗೇ ಆರಂಭಿಸುವ ಕ್ರಮ ಬಂದಿದೆ. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇದನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು, ಇವು ಒಟ್ಟಾರೆ ಶೇಕಡಾ 60ರಷ್ಟು ತಗ್ಗಿದವು. ಇಷ್ಟು ಸರಳ ಸಾಧನದಿಂದ ಇಷ್ಟು ದೊಡ್ಡ ಫಲ ದೊರೆಯುವುದು ವೈದ್ಯಕೀಯದಲ್ಲಿ ಅಪರೂಪವೆಂದೇ ಹೇಳಬೇಕು.

ಟ್ರಾನೆಕ್ಸಾಮಿಕ್ ಆಮ್ಲವನ್ನು ಹೆರಿಗೆಯಾದ 3 ಗಂಟೆಗಳೊಳಗೆ ಕೊಡಬೇಕು. ತಡವಾದಷ್ಟೂ ಅದರ ಫಲ ಕುಗ್ಗುತ್ತದೆ. ಆಕ್ಸಿಟೋಸಿನ್ ಅನ್ನು ತಂಪಿನಲ್ಲಿಡದಿದ್ದರೆ ಅದು ಸತ್ವ ಕಳೆದುಕೊಳ್ಳುತ್ತದೆ. ಗರ್ಭಕೋಶವನ್ನು ಬಿಗಿಗೊಳಿಸುವ ಬೇರೆ ಔಷಧಗಳ ಪೈಕಿ, ರಕ್ತದೊತ್ತಡ ಹೆಚ್ಚಿರುವವರಿಗೆ ಮೀಥೈಲ್‌ಎರ್ಗೊಮೆಟ್ರಿನ್ ಮತ್ತು ಉಬ್ಬಸವಿರುವವರಿಗೆ ಕಾರ್ಬೊಪ್ರೊಸ್ಟ್ ಸಲ್ಲದಾದ್ದರಿಂದ, ಈ ತೊಂದರೆಗಳನ್ನು ವೈದ್ಯರಿಗೆ ಮೊದಲೇ ತಿಳಿಸಿರಬೇಕು. ಔಷಧಕ್ಕೆ ಬಗ್ಗದಿದ್ದರೆ ಗರ್ಭಕೋಶದೊಳಗೆ ಬಲೂನು ಉಬ್ಬಿಸಿ ಒತ್ತುವುದು, ಹೊರಗಿನಿಂದ ಹೊಲಿಗೆ ಹಾಕಿ ಬಿಗಿಯುವುದು, ರಕ್ತನಾಳ ಕಟ್ಟುವುದು ಮುಂದಿನ ದಾರಿಗಳು. ಗರ್ಭಕೋಶವನ್ನೇ ತೆಗೆಯುವುದು ಕೊನೆಯ ಉಪಾಯವಾದರೂ, ಅದನ್ನು ಅತಿಯಾಗಿ ಮುಂದೂಡುವುದೂ ಪ್ರಾಣಕ್ಕೆ ಎರವಾಗಬಹುದು.

ಬದುಕುಳಿದ ತಾಯಿಗೂ ಮೂತ್ರಪಿಂಡದ ವೈಫಲ್ಯ, ತೀವ್ರ ರಕ್ತಹೀನತೆ ಕಾಡಬಹುದು. ಅಪರೂಪಕ್ಕೆ, ರಕ್ತ ಸಾಲದೆ ಮೆದುಳಿನ ಬುಡದಲ್ಲಿದ್ದು ಹಾರ್ಮೋನುಗಳನ್ನು ಸ್ರವಿಸುವ ಪಿಟ್ಯುಟರಿ ಗ್ರಂಥಿಯು ಹಾನಿಗೊಂಡು, ಎದೆಹಾಲು ಬಾರದೆ, ಮುಟ್ಟು ಮರಳದೆ, ವರ್ಷಗಟ್ಟಲೆ ಕಾರಣ ತಿಳಿಯದ ನಿಶ್ಶಕ್ತಿ ಉಳಿಯುತ್ತದೆ. ಶೀಹಾನ್ ಸಿಂಡ್ರೋಮ್ ಎಂಬ ಈ ಸ್ಥಿತಿಗೆ ಹಾರ್ಮೋನು ಚಿಕಿತ್ಸೆ ಇದೆ.

ಇನ್ನು, ಮನೆಗೆ ಮರಳಿದ ಬಳಿಕವೂ, ಹೆರಿಗೆಯಾಗಿ 12 ವಾರಗಳವರೆಗೆ, ಸೋಂಕಿನಿಂದಲೋ ಒಳಗುಳಿದ ಮಾಸಿನಿಂದಲೋ ರಕ್ತಸ್ರಾವ ಮತ್ತೆ ತಲೆದೋರಬಹುದು. ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಜ್ವರದೊಡನೆ ಸ್ರಾವಕ್ಕೆ ದುರ್ವಾಸನೆಯಿದ್ದರೆ, ತಲೆಸುತ್ತಿ ಕಣ್ಣು ಕತ್ತಲಿಟ್ಟರೆ, ಬೆಳಗಾಗಲೆಂದು ಕಾಯದೆ ತಾಯಿಯನ್ನು ರಕ್ತ ನೀಡುವ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.